ಪಾಕದ ಹೊತ್ತಿನ ಮಾತು

ನಮ್ಮ ಆಲೆಮನೆಯ ಪಾಕದವನು ಮಿಲಿಟರಿ ರಸ್ತೆ ಕೆಲಸಕ್ಕೆ ಹೆಸರು ಕೊಟ್ಟು ಬಂದ ದಿನವೂ ಗಾಣ ತಿರುಗುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅವನು ಎಂದಿನಂತೆ ತನ್ನ ಮಣೆಯ ಮೇಲೆ ಕೂತು ಆ ಕೊಪ್ಪರಿಗೆ ಮುಗಿಸಿದ. ಬೆಲ್ಲ ಅಚ್ಚಿಗೆ ಬಿದ್ದ ಮೇಲೆ ಕೈ ತೊಳೆದುಕೊಂಡು, ನನ್ನನ್ನು ರಚ್ಚಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ರಾಶಿಯ ಹಿಂದಕ್ಕೆ ಕರೆದು ವಿಷಯ ಹೇಳಿದ. ಮಳವಳ್ಳಿಗೆ ಆಳು ಕೂಡಿಸುವವರು ಬಂದಿದ್ದಾರೆ, ಅಸ್ಸಾಂ ಕಡೆ ಯುದ್ಧಕ್ಕೆ ರಸ್ತೆ ಕಡಿಯುತ್ತಾರಂತೆ, ಊಟ ಬಟ್ಟೆ ಅವರದೇ, ಮನೆಗೂ ತಿಂಗಳಾ ದುಡ್ಡು ಕಳಿಸುತ್ತಾರಂತೆ.

ದೀಪಾವಳಿ ಆಗಷ್ಟೇ ಕಳೆದಿತ್ತು. ಸುಗ್ಗಿಯ ಬಾಯಲ್ಲಿ ಪಾಕದವನು ಹೋಗುವುದೆಂದರೆ ಮದುವೆಮನೆಯಿಂದ ಗಂಡು ಎದ್ದುಹೋದಂತೆ. ನಾನು ಎತ್ತಿನ ವ್ಯಾಪಾರದಲ್ಲಿ ನಾಲಿಗೆ ಮಸೆದುಕೊಂಡವನು, ಟವೆಲಿನ ಕೆಳಗೆ ಬೆರಳು ಹಿಡಿದು ಎಂಥೆಂಥವರನ್ನೋ ಒಪ್ಪಿಸಿದವನು. ಅವತ್ತು ನನ್ನ ಹತ್ತಿರ ಇದ್ದುದನ್ನೆಲ್ಲ ಮುಂದಿಟ್ಟೆ. ಹೆಚ್ಚು ರಾಗಿ ಅಂದೆ, ಮನೆಗೆ ಬೆಲ್ಲ ಅಂದೆ, ಮುಂದಿನ ವರ್ಷ ಆಲೆಮನೆಯಲ್ಲಿ ಪಾಲು ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ. ಆಗಲೇ ಮನಸ್ಸು ರೈಲು ಹತ್ತಿದವನ ಜೊತೆ ಚೌಕಾಸಿ ಮಾಡಿ ಉಪಯೋಗವಿಲ್ಲ. ಇದನ್ನು ಆಳು ನೋಡುವ ಎಲ್ಲರೂ ನೆನಪಿಟ್ಟುಕೊಳ್ಳಿ, ಸುಮ್ಮನೆ ಬಾಯಿ ನೋಯಿಸಿಕೊಳ್ಳಬೇಡಿ.

ಹೋಗುವಾಗ ಅವನು ಕೇಳಿದ್ದು ಒಂದೇ.

"ಬಂದ್ಮ್ಯಾಲೆ ನನ್ನ ಮಣೆ ನಂಗೇ ಮಡಗಿರ್ಬೇಕು ಮೇಸ್ತ್ರಿ. ಅದ್ರ ಮ್ಯಾಲೆ ಯಾರಾರ ಕೂರ್ಲಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಅದು ನಂದು."

ಆಗಲಿ ಅಂದೆ. ಕೈಮೇಲೆ ಕೈಯಿಟ್ಟು ಹೇಳಿದೆ.

ಆ ಆಲೆಮನೆ ಇದ್ದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಪಕ್ಕ, ನಾಲೆಯ ಏರಿಯ ಕೆಳಗೆ. ಚಪ್ಪರ, ಕೊಪ್ಪರಿಗೆ, ಕಬ್ಬಿಣದ ಗಾಣ ಇವು ಊರಿನ ಗೌಡರವು. ಎತ್ತು ನನ್ನವು, ಜನ ನನ್ನವರು. ಸುತ್ತಿನ ರೈತರು ಸರದಿಯ ಮೇಲೆ ಕಬ್ಬು ತಂದು ಬೆಲ್ಲ ಮಾಡಿಸಿಕೊಂಡು ಮಂಡ್ಯದ ಮಂಡಿಗೆ ಗಾಡಿ ಹೊಡೆಯುತ್ತಿದ್ದರು. ನಮ್ಮ ಜನಕ್ಕೆ ಕೂಲಿ ಬರುತ್ತಿದ್ದದ್ದು ರಾಗಿಯಲ್ಲಿ, ಗೌಡರ ಹಗೇವಿನಿಂದ. ಯುದ್ಧದ ಆ ವರ್ಷಗಳಲ್ಲಿ ಇದು ಸಣ್ಣ ಮಾತಲ್ಲ. ಅಂಗಡಿಯಲ್ಲಿ ಧಾನ್ಯ ಸಿಕ್ಕುತ್ತಿರಲಿಲ್ಲ, ಸಿಕ್ಕಿದರೆ ಅರ್ಧ ಕಲ್ಲು. ಗೌಡರ ನೆಲದೊಳಗಿನ ಹಗೇವಿನ ಬಾಯಿ ತೆಗೆದಾಗ ಬರುವ ಆ ಬಿಸಿ ಗಾಳಿಯೇ ನಮ್ಮ ಜನರ ಪಾಲಿಗೆ ಊಟದ ವಾಸನೆ. ಆಲೆಮನೆ ಕೈಬಿಟ್ಟರೆ ಹಗೇವೂ ಕೈಬಿಟ್ಟಂತೆಯೇ.

ಪಾಕದವನು ಹೋದ ಮೇಲೆ ಉಳಿದವರನ್ನು ಲೆಕ್ಕ ಹಾಕಿದೆ. ಗಾಣದವನು, ಎತ್ತು ಹೊಡೆಯುವುದಕ್ಕಿಂತ ಹೆಚ್ಚು ಮಾತು ಹೊಡೆಯುವವನು. ಹುಟ್ಟಿನವನು, ಉದ್ದನೆಯ ಮರದ ಹುಟ್ಟು ಹಿಡಿದು ಕೊಪ್ಪರಿಗೆ ತಿರುವುವವನು, ತೋಳಿನಲ್ಲಿ ಶಕ್ತಿ ಇತ್ತು, ಆದರೆ ನಿಂತ ನಿಲುವಿನಲ್ಲೇ ನಿದ್ದೆ. ಅಚ್ಚಿನವಳು, ಬಿಸಿ ಬೆಲ್ಲವನ್ನು ಅಚ್ಚಿನ ಮಣೆಗೆ ತುಂಬುವ ಹೆಂಗಸು, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೊನೆಗೆ ಒಲೆಯವನು. ಅವನು ಪಾಕದವನ ಸ್ವಂತ ತಮ್ಮ. ಕೊಪ್ಪರಿಗೆಯ ಕೆಳಗೆ ಗುಂಡಿಯಲ್ಲಿ ಕೂತು ಒಲೆಬಾಯಿಗೆ ರಚ್ಚು ಹಾಕುವುದು ಅವನ ಕೆಲಸ. ಅಣ್ಣ ಅವನನ್ನು ಎಲ್ಲರೆದುರಿಗೂ ಮೊದ್ದು ಅಂತಲೇ ಕರೆಯುತ್ತಿದ್ದ. ಅವನೂ ಆ ಹೆಸರಿಗೇ ಓಗೊಡುತ್ತಿದ್ದ.

ಇವರಲ್ಲಿ ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಸಾಧಾರಣ ಜನ. ಸಂತೆಗೆ ಹೋಗಿ ನೋಡಿ, ಹತ್ತು ಜೊತೆ ಎತ್ತಿನಲ್ಲಿ ಒಂದು ಜೊತೆ ಮಾತ್ರ ಕಣ್ಣು ಸೆಳೆಯುತ್ತದೆ. ಊರಿನ ಹೊಲವೆಲ್ಲ ಉಳುವುದು ಮಿಕ್ಕ ಒಂಬತ್ತು ಜೊತೆ. ಇದು ನನಗೆ ಎತ್ತಿನ ವಿಷಯದಲ್ಲಿ ಚೆನ್ನಾಗಿ ಗೊತ್ತಿತ್ತು. ಆಳಿನ ವಿಷಯದಲ್ಲಿ ಗೊತ್ತಾಗುವುದಕ್ಕೆ ಒಂದು ಸುಗ್ಗಿ ಬೇಕಾಯಿತು.

ಹುಟ್ಟಿನವನನ್ನೇ ಮಣೆಯ ಮೇಲೆ ಕೂರಿಸಿದೆ. ಇಷ್ಟು ವರ್ಷ ಕೊಪ್ಪರಿಗೆಯ ಪಕ್ಕದಲ್ಲೇ ನಿಂತವನು, ನೋಡಿ ನೋಡಿ ಬಂದಿರಬೇಕು ಅನ್ನುವುದು ನನ್ನ ಎಣಿಕೆ.

ಬೆಲ್ಲದ ಕೆಲಸ ಕಾಣದವರಿಗೆ ಸ್ವಲ್ಪ ಹೇಳಬೇಕು. ಕಬ್ಬಿನ ಹಾಲು ಕಾಯುತ್ತಾ ಬಂದಂತೆ ಮೇಲೆ ಕೊಳೆ ಕಟ್ಟುತ್ತದೆ. ಸುಣ್ಣದ ತಿಳಿ ಬಿಟ್ಟು, ಜಜ್ಜಿದ ಬೆಂಡೆಗಿಡದ ಲೋಳೆ ಹಾಕಿ ಆ ಕೊಳೆ ತೆಗೆಯಬೇಕು. ಅಲ್ಲಿಯತನಕ ಯಾರು ಬೇಕಾದರೂ ಮಾಡಬಹುದು. ಆಮೇಲೆ ಬಿಳಿ ನೊರೆ ಕೆಂಪಾಗುತ್ತದೆ, ಸಣ್ಣ ಗುಳ್ಳೆ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ ಪಾಕದವನ ರಾಜ್ಯ. ಒಂದು ಚಣ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಗಾಡಿಯಲ್ಲೇ ನೀರು ಬಿಡುತ್ತದೆ. ಒಂದು ಚಣ ತಡೆದರೆ ಕಪ್ಪಗೆ ಸೀದುಹೋಗುತ್ತದೆ. ನಡುವೆ ಇರುವುದು ಎಲೆ ಅಡಿಕೆ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು.

ಆ ಹೊತ್ತಿಗೆ ನಮ್ಮಲ್ಲಿ ಒಂದು ಕಟ್ಟಳೆ. ಪಾಕದವನು ಬಲಗೈ ಎತ್ತಿದನೆಂದರೆ ಆಲೆಮನೆಯಲ್ಲಿ ಯಾರೂ ಬಾಯಿ ಬಿಡಬಾರದು. ಗಾಣದವನು ಎತ್ತನ್ನು ಗದರಿಸುವುದನ್ನೂ ನಿಲ್ಲಿಸಬೇಕು. ಕಬ್ಬಿನ ಒಡೆಯನೇ ಬಂದಿದ್ದರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಬೇರೆ ಬಾಯಿಯ ಮಾತು ಬಿದ್ದರೆ ಪಾಕ ಮುರಿಯುತ್ತದೆ ಅನ್ನುವುದು ನಂಬಿಕೆ. ಅಪ್ಪನ ಕಾಲದಿಂದ, ಅವರಪ್ಪನ ಕಾಲದಿಂದ ಬಂದದ್ದು. "ಇಳ್ಸು" ಅನ್ನುವ ಮಾತು ಪಾಕದವನ ಬಾಯಿಂದಲೇ ಬರಬೇಕು. ಆಗ ಕೊಪ್ಪರಿಗೆಯ ಅಂಚಿನ ಬಳೆಗಳಿಗೆ ಬೊಂಬು ತೂರಿಸಿ ಇಳಿಸುವುದು.

ಹುಟ್ಟಿನವನು ಕೈ ಎತ್ತಿದ. ಎಲ್ಲರೂ ಬಾಯಿ ಮುಚ್ಚಿದರು. ಅವನು ನೋಡಿದ, ನೋಡಿದ, ಇಳಿಸು ಅನ್ನುವಷ್ಟರಲ್ಲಿ ಸೀದ ವಾಸನೆ ನನಗೇ ಬಂತು.

ಮುಂದಿನ ಕೊಪ್ಪರಿಗೆಗೆ ಹೆದರಿ ಬೇಗ ಇಳಿಸಿದ. ಆ ಬೆಲ್ಲ ಮಂಡ್ಯ ಮುಟ್ಟುವಷ್ಟರಲ್ಲಿ ಮೂಟೆಯ ಅಡಿ ಒದ್ದೆಯಾಗಿತ್ತು. ಮಂಡಿಯ ದಲ್ಲಾಳಿ ಒಂದಚ್ಚು ಮುರಿದು ಮೂಸಿ, ಇನ್ನೊಂದು ಮುರಿದು ಬೆರಳಿನಿಂದ ಒತ್ತಿ, ಎರಡನ್ನೂ ಪಕ್ಕಕ್ಕಿಟ್ಟ. ಇದು ಸಾರಾಯಿ ಭಟ್ಟಿಗೆ, ಮನೆಗೆ ಕೊಳ್ಳುವವರಿಗೆ ನಾನು ತೋರಿಸುವುದಿಲ್ಲ ಅಂದ. ಕಬ್ಬಿನ ಒಡೆಯ ನನ್ನ ಮುಖ ನೋಡಿದ. ಮಾತಾಡಿದ್ದರೆ ಚೆನ್ನಾಗಿತ್ತು.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ, ಮಾಡಬಾರದ್ದನ್ನೂ ಒಂದೆರಡು. ಕಿರುಗಾವಲು ಕಡೆಯಿಂದ ಒಬ್ಬ ಪಾಕದವನನ್ನು ಕರೆತಂದೆ. ಕೈ ಒಳ್ಳೆಯದು, ಆದರೆ ಬಂದ ದಿನವೇ ನಮ್ಮ ಜನರನ್ನು ನೋಡಿ, ಇವರನ್ನು ಕಟ್ಟಿಕೊಂಡು ನಾನು ಹೆಸರು ಕೆಡಿಸಿಕೊಳ್ಳುವುದಿಲ್ಲ, ನನ್ನ ಜನರನ್ನೇ ತರುತ್ತೇನೆ ಅಂದ. ಅವನ ಜನ ಬಂದರೆ ನನ್ನ ಜನಕ್ಕೆ ಹಗೇವಿನ ದಾರಿ ಮುಚ್ಚಿತು. ಬೇಡ ಅಂದೆ. ಆಮೇಲೆ ಜಾಗ ಬದಲಾಯಿಸಿ ನೋಡಿದೆ. ಗಾಣದವನನ್ನು ಮಣೆಗೆ, ಹುಟ್ಟಿನವನನ್ನು ಗಾಣಕ್ಕೆ. ಎತ್ತು ಹೊಸ ದನಿಗೆ ಬೆದರಿ ನೊಗ ಮುರಿದವು, ಇಬ್ಬರನ್ನೂ ಮತ್ತೆ ಅದಲುಬದಲು ಮಾಡಿದೆ. ಬೈದು ನೋಡಿದೆ. ಬೈದರೆ ಆಳು ತಪ್ಪು ಮಾಡುವುದನ್ನು ಬಿಡುವುದಿಲ್ಲ, ತೋರಿಸುವುದನ್ನು ಬಿಡುತ್ತಾನೆ. ಕಪ್ಪಾದ ಅಚ್ಚುಗಳು ಮೂಟೆಯ ನಡುವಿಗೆ ಹೋಗತೊಡಗಿದವು. ಇದನ್ನು ಕಂಡ ಮೇಲೆ ಬೈಯುವುದು ನಿಲ್ಲಿಸಿದೆ.

ಸರದಿಯಲ್ಲಿದ್ದ ರೈತರು ಒಬ್ಬೊಬ್ಬರಾಗಿ ಬೇರೆ ಆಲೆಮನೆಯ ಮಾತೆತ್ತಿದರು. ಗೌಡರು ಕರೆಸಿಕೊಂಡರು. ಸಂಕ್ರಾಂತಿಗೆ ತಮ್ಮ ಗದ್ದೆಯ ಕಬ್ಬು ಗಾಣಕ್ಕೆ ಬರಬೇಕು, ಅಷ್ಟರಲ್ಲಿ ಹದ ಕೂಡಿಬರದಿದ್ದರೆ ಕಿರುಗಾವಲಿನವನೂ ಅವನ ಜನವೂ ಬರುತ್ತಾರೆ, ನಿನ್ನ ಗುಂಪು ಬೇರೆ ದಾರಿ ನೋಡಿಕೊಳ್ಳಲಿ ಅಂದರು. ಕೋಪದಿಂದ ಹೇಳಲಿಲ್ಲ. ಕೋಪದಲ್ಲಿದ್ದವರ ಜೊತೆ ಮಾತಾಡುವುದು ಸುಲಭ, ಇಳಿಯುವುದಕ್ಕೆ ಅವರಿಗೇ ಒಂದು ದಾರಿ ಬೇಕಿರುತ್ತದೆ. ಸಮಾಧಾನವಾಗಿ ಹೇಳಿದವರ ಮಾತು ಬಲು ಗಟ್ಟಿ.

ಅದಾದ ಎರಡು ದಿನಕ್ಕೆ ಇನ್ನೊಂದು ಕೊಪ್ಪರಿಗೆ ಸೀದಿತು. ಮಧ್ಯಾಹ್ನ ಎಲ್ಲರೂ ಮುದ್ದೆ ನುಂಗುತ್ತಿದ್ದರು. ಗಾಣದವನೇ ಮೊದಲು ಬಾಯಿ ಬಿಟ್ಟ.

"ನಂಗೆ ಅದು ಆಚೆ ಸುತ್ತಲ್ಲೇ ವಾಸ್ನೆ ಬಂದಿತ್ತು ಕಣ್ಲಾ," ಅಂದ ಹುಟ್ಟಿನವನಿಗೆ. "ನೀನು ಕೊಪ್ಪರಿಗೆ ಮುಂದೇನೇ ಕುಂತಿದ್ದೀಯ, ಮೂಗೇನು ಮಾರಿಕೊಂಡಿದ್ಯಾ?"

"ವಾಸ್ನೇಲೇ ಕುಂತೋನಿಗೆ ವಾಸ್ನೆ ಎಂಗ್ಲಾ ಗೊತ್ತಾಯ್ತದೆ?" ಅಂದ ಹುಟ್ಟಿನವನು. "ನೀನು ಗಾಳೀಲಿ ಓಡಾಡೋನು."

ಅಚ್ಚಿನವಳು ನಕ್ಕಳು. ತಾನು ಕುತೂಹಲಕ್ಕೆ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ನೋಡಿದ್ದಾಗಿಯೂ, ಅದು ಆಗಲೇ ಗಟ್ಟಿ ಉಂಡೆ ಕಟ್ಟಿತ್ತೆಂದೂ ಹೇಳಿದಳು. "ಇವ್ನು ಇಳ್ಸು ಅನ್ನೋವಷ್ಟ್ರಲ್ಲಿ ನನ್ನ ಉಂಡೇಲಿ ಗೋಲಿ ಆಡ್ಬೋದಿತ್ತು ಕಣಣ್ಣೋ."

ನನ್ನ ತುತ್ತು ಕೈಯಲ್ಲೇ ನಿಂತಿತು. ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಮೂವರೂ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು.

"ಪಾಕದ ಒತ್ನಲ್ಲಿ ಬಾಯಿ ಬುಡ್ತಾರಾ ಮೇಸ್ತ್ರಿ?" ಅಂದಳು ಅಚ್ಚಿನವಳು.

ಒಲೆಯವನು ದೂರ ಕೂತಿದ್ದ. ನಿನಗೇನಾದರೂ ಗೊತ್ತಾಗಿತ್ತೇನಪ್ಪ ಅಂತ ಅವನನ್ನೂ ಕೇಳಿದೆ. ಸದ್ದು ಬದಲಾಗುತ್ತದೆ ಅಂದ. ಸರಸರ ಅನ್ನುತ್ತಿದ್ದದ್ದು ಬೊಳಕ್ ಬೊಳಕ್ ಅನ್ನುತ್ತದೆ, ಕೆಳಗೆ ಕೂತರೆ ಕೇಳಿಸುತ್ತದೆ. ಮತ್ತೆ ತಲೆ ತಗ್ಗಿಸಿ ಉಣ್ಣತೊಡಗಿದ.

ಅಷ್ಟು ದಿನವೂ ನಾನು ಹುಡುಕುತ್ತಿದ್ದದ್ದು ಇನ್ನೊಬ್ಬ ಪಾಕದವನನ್ನು. ಹೋದವನು ಮೂಗು, ಕಣ್ಣು, ಕಿವಿ, ಕೈ ನಾಲ್ಕನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡಿದ್ದ. ಇವರಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ಇತ್ತು, ಅದೂ ಮಧ್ಯಮ ತರದ್ದು. ಆದರೆ ಇದ್ದದ್ದು ಹೌದು. ನಾಲಿಗೆಗೆ ಮಾತ್ರ ಕಟ್ಟು ಹಾಕಿತ್ತು. ಆ ಕಟ್ಟಳೆ ನಾಲ್ಕೂ ಬಲ್ಲ ಒಬ್ಬನಿಗೆ ಆಗಿಬರುವಂಥದ್ದು. ಅವನು ಹೋದ ಮೇಲೂ ನಾವು ಅದನ್ನು ಪಾಲಿಸುತ್ತಿದ್ದೆವು.

ಅವತ್ತು ಸಂಜೆ ಗೌಡರ ಜಗಲಿಗೆ ಹೋದೆ. ಚೌಕಾಸಿಯ ಮೊದಲ ನಿಯಮ, ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು. ಇಡೀ ಸುಗ್ಗಿ ನನಗೇ ಬಿಡಿ ಅಂದೆ. ಆಗುವುದಿಲ್ಲ ಅಂದರು. ಶಿವರಾತ್ರಿವರೆಗೆ ಅಂದೆ. ಅದೂ ಆಗುವುದಿಲ್ಲ ಅಂದರು. ಸರಿ, ನಿಮ್ಮ ಕೂಳೆ ಕಬ್ಬಿದೆಯಲ್ಲ, ಹಳೇ ಬುಡ ಚಿಗುರಿದ್ದು, ಹೇಗೂ ಅದರ ಬೆಲ್ಲಕ್ಕೆ ಬಣ್ಣ ಬರುವುದಿಲ್ಲ, ಅದನ್ನು ಮೊದಲು ನನ್ನ ಕೈಗೆ ಕೊಡಿ, ಅದು ಕೆಟ್ಟರೆ ಗದ್ದೆಯ ಹೊಸ ಕಬ್ಬು ಬೇರೆಯವರಿಗೆ ಹೋಗಲಿ ಅಂದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

"ಕೆಟ್ರೆ ನಂಗೇನು?" ಅಂದರು.

"ನನ್ನ ಎತ್ತು ನಿಮ್ಮ ಕೊಟ್ಟಿಗೆಗೆ, ಗೌಡ್ರೆ."

ಎತ್ತು ಅಂದರೆ ನನ್ನ ಇಡೀ ಬದುಕು. ಗೌಡರಿಗೂ ಅದು ಗೊತ್ತು. ಆ ಜೊತೆಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿದ್ದದ್ದು ನನಗೂ ಗೊತ್ತಿತ್ತು. ಎದುರಿನವರ ಆಸೆ ಯಾವುದು ಅಂತ ತಿಳಿಯದೆ ಪಣ ಇಡಬಾರದು. ಅವರು ಒಪ್ಪಿದರು.

ಮಾರನೆಯ ದಿನ ಜನರನ್ನು ಕೂರಿಸಿಕೊಂಡು ಹೇಳಿದೆ, ಇನ್ನು ಪಾಕದ ಹೊತ್ತಿನಲ್ಲಿ ಎಲ್ಲರೂ ಮಾತಾಡಬೇಕು. ಯಾರೂ ಒಪ್ಪಲಿಲ್ಲ. ಗಾಣದವನು ಮಾತಿನ ಮಲ್ಲ, ಅವನೇ ಹಿಂದೆ ಸರಿದ. ಪಾಕ ಮುರಿದರೆ ಪಾಪ ನನ್ನ ತಲೆಗೆ, ಎತ್ತೂ ನನ್ನವೇ ಹೋಗುವುದು ಅಂದ ಮೇಲೆ ಗೊಣಗುತ್ತಾ ಎದ್ದರು.

ಮೊದಲ ಕೊಪ್ಪರಿಗೆ ಸಂತೆಯಾಯಿತು. ಬಾಯಿ ಬಿಚ್ಚಿದ್ದೇ ತಡ, ಎಲ್ಲರೂ ಎಲ್ಲದರ ಬಗ್ಗೆಯೂ ಕೂಗಿದರು. ಗಾಣದವನು ಬಣ್ಣದ ಮಾತಾಡಿದ, ಹುಟ್ಟಿನವನು ಉರಿಯ ಮಾತಾಡಿದ. ಗಾಬರಿಯಲ್ಲಿ ಹಸಿಯಾಗೇ ಇಳಿಸಿದೆವು. ಗೌಡರ ಮನೆಯಿಂದ ನೋಡಲು ಬಂದಿದ್ದವನು ಎತ್ತಿನ ಹಲ್ಲು ನೋಡಿಕೊಂಡು ಹೋದ.

ಆಗ ಒಬ್ಬೊಬ್ಬರಿಗೆ ಒಂದೇ ಮಾತು ಕೊಟ್ಟೆ. ಗಾಣದವನು ಸುತ್ತು ಹಾಕಿಕೊಂಡು ಗಾಳಿಯಿಂದ ಬಂದಾಗ ವಾಸನೆ ಮಾತ್ರ ಹೇಳಬೇಕು. ಹುಟ್ಟಿನವನು ತೋಳಿಗೆ ಭಾರ ಬಂದಾಗ ಭಾರ ಅನ್ನಬೇಕು, ಕಣ್ಣು ಮುಚ್ಚಿಕೊಂಡಾದರೂ ಸರಿ. ಅಚ್ಚಿನವಳು ಬಟ್ಟಲಿನ ತಣ್ಣೀರಿಗೆ ತೊಟ್ಟು ಬಿಟ್ಟು ಉಂಡೆ ಕಟ್ಟಿದಾಗ ಕಟ್ಟಿತು ಅನ್ನಬೇಕು. ಒಲೆಯವನು ಸದ್ದು ಬದಲಾದಾಗ ಹೇಳಬೇಕು. ಇನ್ನೊಬ್ಬರ ಮಾತನ್ನು ಯಾರೂ ಆಡಬಾರದು. ಮೂರು ಬಾಯಿ ಬಂದರೆ ಇಳಿಸುವುದು, ನಾಲ್ಕನೆಯದಕ್ಕೆ ಕಾಯುವುದಿಲ್ಲ.

ಅಷ್ಟೇ ಸಾಲದು ಅಂತ ಎರಡನೆಯ ಕೊಪ್ಪರಿಗೆಯಲ್ಲಿ ಗೊತ್ತಾಯಿತು. ಮೂರು ಬಾಯಿ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಹೋದ ಪಾಕದವನು ಕೊನೆಯತನಕ ದೊಡ್ಡ ಉರಿ ಇಡಿಸುತ್ತಿದ್ದ, ಅದರಿಂದಲೇ ಅವನ ಬೆಲ್ಲಕ್ಕೆ ಆ ಚಿನ್ನದ ಬಣ್ಣ. ಆ ಉರಿಗೆ ಒಬ್ಬನ ತೀರ್ಮಾನ ಬೇಕು. ನಾಲ್ವರು ಸೇರಿ ತೀರ್ಮಾನ ಮಾಡುವುದಕ್ಕೆ ಹೊತ್ತು ಬೇಕು. ಹೊತ್ತು ಬೇಕಾದರೆ ಉರಿ ತಗ್ಗಬೇಕು. ಮೊದಲ ಬಾಯಿ ಯಾರದೇ ಬರಲಿ, ನನ್ನನ್ನು ಕೇಳದೆ ಉರಿ ಎಳೆದುಬಿಡು ಅಂತ ಒಲೆಯವನಿಗೆ ಹೇಳಿದೆ. ಬಣ್ಣ ಸ್ವಲ್ಪ ಮಂಕಾಗಲಿ, ಹದ ತಪ್ಪದಿರಲಿ.

ಅದಾದ ಮೇಲಿನ ಕೊಪ್ಪರಿಗೆ ಹದಕ್ಕೆ ಬಂತು. ಮುಂದಿನದೂ ಬಂತು. ಯಾರೂ ಕುಣಿಯಲಿಲ್ಲ. ಅಚ್ಚಿನವಳು ಒಂದಚ್ಚು ಮುರಿದು ಎಲ್ಲರ ಬಾಯಿಗೂ ಇಟ್ಟಳು, ಅಷ್ಟೇ. ಕೂಳೆ ಕಬ್ಬು ಮುಗಿದಾಗ ಗೌಡರು ತಾವೇ ಬಂದು ಮೂಟೆಗೆ ಕೈ ಹಾಕಿ, ಮೇಲಿನದೊಂದು, ನಡುವಿನದೊಂದು, ಅಡಿಯದೊಂದು ತೆಗೆದು ನೋಡಿದರು. ಮೂರೂ ಒಂದೇ. ಎತ್ತಿನ ಕಡೆ ಒಂದು ಸಲ ನೋಡಿ ಹೊರಟುಹೋದರು. ಮಾರನೆಯ ವಾರ ಅವರ ಗದ್ದೆಯ ಕಬ್ಬು ನಮ್ಮ ಗಾಣಕ್ಕೇ ಬಂತು.

ಹೋದವನ ಕಾಲದ ಬೆಲ್ಲ ನಮ್ಮಿಂದ ಬರಲಿಲ್ಲ. ಇದನ್ನು ನೇರವಾಗಿ ಹೇಳುತ್ತೇನೆ. ಅವನ ಒಳ್ಳೆಯ ದಿನದ ಬೆಲ್ಲ ಕೈಯಲ್ಲಿ ಹಿಡಿದರೆ ಬೆಳಕು ಹಾಯುತ್ತಿತ್ತು. ಆದರೆ ಅವನಿಗೂ ಕೆಟ್ಟ ದಿನಗಳಿದ್ದವು, ಅದನ್ನು ಯಾರೂ ಆಡುತ್ತಿರಲಿಲ್ಲ. ನಮ್ಮದಕ್ಕೆ ಒಳ್ಳೆಯ ದಿನವೂ ಇಲ್ಲ, ಕೆಟ್ಟ ದಿನವೂ ಇಲ್ಲ. ಮಂಡಿಯ ದಲ್ಲಾಳಿ ನಮ್ಮ ಮೂಟೆಗಳನ್ನು ಬಿಚ್ಚಿ ನೋಡುವುದನ್ನೇ ನಿಲ್ಲಿಸಿದ. ಆಳಿನ ಗುಂಪು ಕಟ್ಟುವವರೇ, ನಿಮ್ಮ ಹತ್ತಿರ ಸಾಧಾರಣ ಜನ ಇದ್ದರೆ ಅವರನ್ನು ಜಾಣರನ್ನಾಗಿ ಮಾಡುವುದಕ್ಕೆ ಹೋಗಬೇಡಿ. ಕೆಲಸವನ್ನು ಅವರ ಕೈಗೆ ಸಿಕ್ಕುವಷ್ಟು ತುಂಡು ಮಾಡಿ, ಉರಿ ತಗ್ಗಿಸಿ, ಬಾಯಿಗೆ ಹಾಕಿದ ಬೀಗ ತೆಗೆಯಿರಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಣೆಯ ವಿಷಯ ಉಳಿದಿದೆ.

ಮುಂದಿನ ಸುಗ್ಗಿಯ ಶಿವರಾತ್ರಿ ಕಳೆದು, ಒಂದು ಬೆಳಗ್ಗೆ, ಏರಿಯ ಮೇಲೆ ಖಾಕಿ ಕೋಟಿನ ಒಬ್ಬ ಮನುಷ್ಯ ನಿಂತು ನಿಂತು ನಡೆದು ಬರುತ್ತಿದ್ದ. ಗುರುತು ಹಿಡಿದದ್ದು ಒಲೆಯವನು. ಕೈಯಲ್ಲಿದ್ದ ರಚ್ಚು ಬಿಸಾಡಿ ಓಡಿದ, ಹೋಗಿ ಕಾಲಿಗೆ ಬಿದ್ದ. ಪಾಕದವನು ಮಳವಳ್ಳಿಯಲ್ಲಿ ಬಸ್ಸಿಳಿದು ನಡೆದೇ ಬಂದಿದ್ದ. ಕಾಡಿನ ಜ್ವರ ಹಿಡಿದು ಕಳಿಸಿಬಿಟ್ಟರಂತೆ. ಕೆನ್ನೆಯ ಮೂಳೆ ಕಾಣುತ್ತಿತ್ತು, ಕಣ್ಣು ಹಳದಿ. ಬಂದವನು ನೀರನ್ನೂ ಕೇಳಲಿಲ್ಲ.

"ನನ್ನ ಮಣೆ ಅದಾ, ಮೇಸ್ತ್ರಿ?" ಅಂದ.

ಇತ್ತು. ಅಚ್ಚಿನವಳು ಅದರ ಮೇಲೆ ತಣ್ಣೀರಿನ ಬಟ್ಟಲು ಇಟ್ಟುಕೊಳ್ಳುತ್ತಿದ್ದಳು. ಬಟ್ಟಲು ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು.

ಸುದ್ದಿ ಕೇಳಿ ಗೌಡರೂ ಬಂದರು. ಅವರಿಗೆ ಖುಷಿಯೋ ಖುಷಿ. ಪಾಕದವನು ಬಂದ ಮೇಲೆ ಇನ್ನು ಈ ಗದ್ದಲ ಯಾಕೆ ಅಂದರು. ನಮ್ಮ ಮಾತಿನ ಪದ್ಧತಿ ಅವರ ಮನಸ್ಸಿಗೆ ಎಂದೂ ಒಗ್ಗಿರಲಿಲ್ಲ, ಬೆಲ್ಲ ನೋಡಿ ಸುಮ್ಮನಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಲೆಕ್ಕವನ್ನೂ ಹೇಳಿದರು. ಇವನೊಬ್ಬ ಕೂತರೆ ತಣ್ಣೀರು ಹಿಡಿದು ಕೂರುವವಳು ಬೇಡ, ಅಚ್ಚು ತುಂಬುವುದಕ್ಕೆ ತಮ್ಮ ಮನೆಯ ಹೆಂಗಸರು ಸಾಕು. ಹುಟ್ಟಿನವನ ಬದಲು ಗಾಣದವನೇ ಎರಡೂ ನೋಡಿಕೊಳ್ಳಲಿ. ಹಗೇವಿನಲ್ಲಿ ರಾಗಿ ತಳ ಕಾಣುತ್ತಿದೆ.

ಒಂದು ಕಡೆ ಕೈಮೇಲೆ ಕೈಯಿಟ್ಟು ಕೊಟ್ಟ ಮಾತು, ಇನ್ನೊಂದು ಕಡೆ ಇಬ್ಬರ ಮನೆಯ ಗಂಜಿ. ಒಂದು ಕೊಪ್ಪರಿಗೆ ನೋಡೋಣ, ಆಮೇಲೆ ತೀರ್ಮಾನ ಅಂದೆ. ಗೌಡರು ಅಲ್ಲೇ ನಿಂತರು.

ಅವನು ಮಣೆಯ ಮೇಲೆ ಕೂತ. ಉರಿ ಜೋರು ಮಾಡು ಅಂದ. ತಮ್ಮ ಮಾಡಿದ. ಕೊಳೆ ತೆಗೆಯುವವರೆಗೆ ಗಾಣದವನು ಅಸ್ಸಾಮಿನ ಸುದ್ದಿ ಕೇಳುತ್ತಲೇ ಇದ್ದ, ಅಲ್ಲಿಯ ಜನ ಮುದ್ದೆ ಉಣ್ಣುವುದಿಲ್ಲವಂತೆ ಹೌದಾ ಅಂತ. ಅವನು ಒಂದೆರಡಕ್ಕೆ ಉತ್ತರ ಕೊಟ್ಟ. ನೊರೆ ಕೆಂಪಗೆ ತಿರುಗಿತು. ಅವನು ಬಲಗೈ ಎತ್ತಿದ.

ಎಲ್ಲರೂ ಬಾಯಿ ಮುಚ್ಚಿದರು. ಒಂದೂ ಕಾಲು ಸುಗ್ಗಿ ಪಾಕದ ಹೊತ್ತಿನಲ್ಲಿ ಮಾತಾಡಿದವರು ಒಂದು ಕೈಗೆ ಬಾಯಿ ಮುಚ್ಚಿದರು. ನಾನೂ ಮುಚ್ಚಿದೆ.

ಪಾಕದವನು ಎತ್ತಿದ ಕೈ ಇಳಿಸಲಿಲ್ಲ. ಅವನ ಕಣ್ಣು ಕೊಪ್ಪರಿಗೆಯ ಮೇಲೆಯೇ ಇತ್ತು, ಹಬೆಗೆ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗಾಣದವನು ಸುತ್ತು ಮುಗಿಸಿ ಬಂದು ನನ್ನ ಮುಖ ನೋಡಿದ. ಹುಟ್ಟಿನವನ ತೋಳು ನಿಧಾನವಾಯಿತು. ಅಚ್ಚಿನವಳ ಮಡಿಲಲ್ಲಿ ಬಟ್ಟಲಿತ್ತು, ಒಳಗೆ ಉಂಡೆಯೂ ಇತ್ತು, ಅವಳು ಅದನ್ನು ಬೆರಳಿನಲ್ಲಿ ಉರುಳಿಸುತ್ತಾ ನೆಲ ನೋಡುತ್ತಿದ್ದಳು. ಮೂರು ಬಾಯಿ ಆಗಲೇ ಬಂದಾಗಿತ್ತು, ಯಾರ ದನಿಯೂ ಮಾತ್ರ ಹೊರಬಂದಿರಲಿಲ್ಲ. ಗೌಡರು ಮೆಚ್ಚಿಗೆಯಿಂದ ನಿಂತಿದ್ದರು. ಹಿಂದಿನ ಕಾಲ ವಾಪಸು ಬಂದಿದೆ ಅನ್ನುವ ಮುಖ.

ಗುಂಡಿಯೊಳಗಿಂದ ಒಂದು ದನಿ ಬಂತು.

"ಅಣ್ಣಾ, ಇಳ್ಸು."

ಯಾರೂ ಬೊಂಬಿಗೆ ಕೈ ಹಾಕಲಿಲ್ಲ. ಒಲೆಯವನು ಯಾರ ಅಪ್ಪಣೆಗೂ ಕಾಯದೆ ಕೋಲು ಹಾಕಿ ಉರಿಯನ್ನು ಈಚೆಗೆ ಎಳೆದ. ಕೆಂಡ ಚೆಲ್ಲಿತು. ಅಣ್ಣನ ಕೈ ಇನ್ನೂ ಮೇಲೇ ಇತ್ತು. ಅವನು ಬಗ್ಗಿ ಗುಂಡಿಯ ಕಡೆ ನೋಡಿದ. ತಮ್ಮ ಮುಖ ಎತ್ತಲಿಲ್ಲ, ಕೆಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತೇ ಇದ್ದ. ನಿಧಾನವಾಗಿ ಕೈ ಕೆಳಗೆ ಬಂತು.

"ಇಳುಸ್ರಲಾ," ಅಂದ ಪಾಕದವನು.

ಬೆಲ್ಲ ಹದವಾಗಿತ್ತು. ಸೀಯುವ ಅಂಚಿನಲ್ಲಿತ್ತು, ಸೀದಿರಲಿಲ್ಲ. ಗೌಡರು ಅಚ್ಚೊಂದು ಮುರಿದು ನೋಡಿದರು, ಮುರಿದದ್ದನ್ನು ಅಲ್ಲೇ ಇಟ್ಟರು. "ಬುಡು, ಎಂಗ್ ನಡೀತಿತ್ತೋ ಅಂಗೇ ನಡೀಲಿ," ಅಂತ ನನಗೆ ಹೇಳಿ ಹೊರಟರು. ಅಚ್ಚಿನವಳೂ ಹುಟ್ಟಿನವನೂ ಅದನ್ನು ಕೇಳಿಸಿಕೊಂಡರು. ಇಬ್ಬರ ಮುಖದಲ್ಲೂ ಸಮಾಧಾನ ಕಾಣಲಿಲ್ಲ.

ಪಾಕದವನು ಕೈ ತೊಳೆದುಕೊಂಡು ನನ್ನನ್ನು ರಚ್ಚಿನ ರಾಶಿಯ ಹಿಂದಕ್ಕೆ ಕರೆದ. ಹಿಂದೆ ಕರೆದ ಜಾಗಕ್ಕೇ.

"ಮೂಗು ಓಗದೆ ಮೇಸ್ತ್ರಿ," ಅಂದ. "ಜರ ಬಂದಾಗ್ನಿಂದ ಒಂದು ವಾಸ್ನೇನೂ ಇಲ್ಲ. ಕಣ್ಣಾರ ಇದ್ದದು ಅಂದ್ಕಂಡಿದ್ದೆ."

ನನಗೆ ಗೊತ್ತಿದ್ದ ಚೌಕಾಸಿಯೆಲ್ಲ ಮತ್ತೆ ಮಾಡಿದೆ. ಇಲ್ಲೇ ಇರು, ನೆರಳಲ್ಲಿ ಕೂತು ಸುಣ್ಣದ ತಿಳಿ ನೋಡಿಕೋ, ಕಬ್ಬು ಆರಿಸು, ಹೊಸಬರಿಗೆ ಹೇಳಿಕೊಡು. ಅಷ್ಟರಲ್ಲಿ ಅಚ್ಚಿನವಳು ಬಂದು, ತಣ್ಣೀರಿನ ಬಟ್ಟಲು ನೀನೇ ಇಟ್ಟುಕೊಳ್ಳಣ್ಣಯ್ಯ, ನನಗೆ ಅಚ್ಚಿನ ಕೆಲಸವೇ ಬೇಕಾದಷ್ಟಿದೆ ಅಂದಳು. ತಾನು ಬಿಟ್ಟುಕೊಡುತ್ತಿರುವುದು ತನ್ನ ರಾಗಿಯ ಪಾಲನ್ನೇ ಅಂತ ಅವಳಿಗೆ ಗೊತ್ತಿತ್ತು.

ಅವನು ಅವಳನ್ನು ನೋಡಿ ನಕ್ಕ. "ಕಾಲು ಪಾಲು ಬಾಯಿ ಮಾಡಾಕೆ ನಂಗೆ ಬರಾಕಿಲ್ಲ ಕಣವ್ವ," ಅಂದ. ಗುಂಡಿಯ ಕಡೆ ಹೋಗಿ, ತಮ್ಮನ ಹೆಗಲ ಮೇಲೆ ಒಂದು ಸಲ ಕೈಯಿಟ್ಟು, ಏರಿ ಹತ್ತಿದ. ಮಣೆಯನ್ನು ತೆಗೆದುಕೊಂಡು ಹೋಗಲಿಲ್ಲ.

ಯುಗಾದಿಗೆ ಮುಂಚೆ ಅದೇ ಜ್ವರದಲ್ಲಿ ಹೋದ.

ಒಲೆಯವನು ಸೂತಕ ಕಳೆದು ಕೆಲಸಕ್ಕೆ ಬಂದ. ಮೊದಲಿನಂತೆಯೇ ರಚ್ಚು ಹಾಕಿದ, ಸಮಯಕ್ಕೆ ಸರಿಯಾಗಿ ಉರಿ ಎಳೆದ. ಆದರೆ ಪಾಕದ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಗಾಣದವನು ವಾಸನೆ ಅಂದ, ಹುಟ್ಟಿನವನು ಭಾರ ಅಂದ, ಅಚ್ಚಿನವಳು ಕಟ್ಟಿತು ಅಂದಳು, ಗುಂಡಿಯಿಂದ ಏನೂ ಬರಲಿಲ್ಲ. ನಾನು ಕೂರಿಸಿಕೊಂಡು ಹೇಳಿದೆ. ನಿನ್ನ ಒಂದು ಮಾತಿನಿಂದ ಇಷ್ಟು ಜನ ಉಳಿದರು, ನಿಮ್ಮಣ್ಣನೂ ಅದನ್ನು ಒಪ್ಪಿಯೇ ಇಳಿಸು ಅಂದ, ಅವನ ಹೆಸರೂ ಉಳಿಯಿತು ಅಂದೆ. ಎಲ್ಲ ನಿಜವೇ. ಅವನು ಕೇಳಿಸಿಕೊಂಡು ತಲೆ ಅಲ್ಲಾಡಿಸಿದ, ಥೇಟ್ ಅವನಣ್ಣನ ಹಾಗೆ. ಬಲವಂತ ಮಾಡಿ ಫಲವಿಲ್ಲ ಅಂತ ಬಿಟ್ಟೆ. ಅವನು ಕೋಲಿಗೆ ಕೈ ಹಾಕುವುದನ್ನೇ ಒಂದು ಬಾಯಿ ಅಂತ ಎಣಿಸಿಕೊಂಡು, ಕೊಪ್ಪರಿಗೆ ನೋಡುವುದು ಬಿಟ್ಟು ಅವನ ಕೈ ಕಡೆ ನೋಡುತ್ತಾ ನಿಲ್ಲುವುದು ನನ್ನ ಕೆಲಸವಾಯಿತು.

ಮಣೆ ಎಲ್ಲಿಡಲಿ ಅಂತ ಅಚ್ಚಿನವಳು ಕೇಳಿದಳು. ಬಟ್ಟಲನ್ನು ಮತ್ತೆ ಅದರ ಮೇಲಿಡುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಇದ್ದಲ್ಲೇ ಇರಲಿ ಬಿಡು ಅಂದೆ. ಕೊಪ್ಪರಿಗೆ ಇಳಿಸುವಾಗ ಅದು ಸರಿಯಾಗಿ ದಾರಿಗೆ ಅಡ್ಡ. ಸುಗ್ಗಿ ಮುಗಿಯುವವರೆಗೂ ಬಿಸಿ ಬೆಲ್ಲ ಹೊತ್ತುಕೊಂಡು ಅದನ್ನು ಸುತ್ತಿಕೊಂಡೇ ನಡೆದೆವು.